ಹರಕೆಗಲ್ಲು ಕೆಡವುವ ಯೊರುನ್

ಬೆಳಗಿನ ನಾಲ್ಕೂವರೆ. ಸೂರ್ಯ ಮುಳುಗದ ಈ ತಿಂಗಳಲ್ಲಿ ಕಡಲಂಚಿನ ಊರು ಸ್ಕಾರ್ವಿಕ್‌ಗೆ ಬೆಳಗಾಗುವುದು ಗಡಿಯಾರದಲ್ಲಿ ಮಾತ್ರ. ಹೆಸ್ತೆನ್ ಬೆಟ್ಟದ ಅಂಚಿನಲ್ಲಿ ಯೊರುನ್ ಮಂಡಿಯೂರಿ ಕೂತು ಕಲ್ಲುಗುಪ್ಪೆ ಕೆಡವುತ್ತಿದ್ದಾರೆ. ಒದೆಯುವುದಿಲ್ಲ. ಒಂದೊಂದೇ ಕಲ್ಲನ್ನು ಎತ್ತಿ, ಅದನ್ನು ಕಿತ್ತ ಗುಳಿಯನ್ನು ಪಾಚಿಯ ನಡುವೆ ಹುಡುಕಿ, ಅಲ್ಲಿಗೇ ಮರಳಿಸುತ್ತಾರೆ. ಅವರಿಂದ ಹತ್ತು ಹೆಜ್ಜೆ ಆಚೆಗೆ ಬೆಟ್ಟ ಮುಗಿಯುತ್ತದೆ. ಕೆಳಗೆ, ನಾನೂರು ಮೀಟರ್ ಆಳದಲ್ಲಿ, ಸಮುದ್ರ.

“ಮೊನ್ನೆ ಒಂದೇ ಪ್ರವಾಸಿ ಹಡಗಿನೋರು ಅರವತ್ಮೂರು ಗುಪ್ಪೆ ಕಟ್ಟಿದಾರೆ. ಬಂದಿದ್ದು ಬೆಟ್ಟ ನೋಡೋಕೋ ಮನೆ ಕಟ್ಟೋಕೋ, ಅವರನ್ನೇ ಕೇಳ್ಬೇಕು,” ಎನ್ನುತ್ತಾರೆ.

ಬೆಟ್ಟದ ನೆತ್ತಿಯ ಬಯಲಲ್ಲಿ ನಲವತ್ತೊಂದು ಹಳೆಯ ಗುಪ್ಪೆಗಳಿವೆ. ಆಚೆ ದಡದ ಊರಿಗೆ ಟಪಾಲು ಹೊರುತ್ತಿದ್ದವರು ಕಟ್ಟಿದವು. ಒಂದರಿಂದ ಇನ್ನೊಂದಕ್ಕೆ ನಲವತ್ತು ಹೆಜ್ಜೆ. ಮಂಜು ಕವಿದಾಗ ಒಂದರ ಪಕ್ಕ ನಿಂತರೆ ಮುಂದಿನದು ಮಸುಕಾಗಿ ಕಾಣಬೇಕು, ಅದಕ್ಕೇ ಅಷ್ಟು ದೂರ. ಬಿದ್ದ ಕಲ್ಲನ್ನು ಯಾರು ಬೇಕಾದರೂ ಎತ್ತಿಡಬಹುದು. ಹೊಸ ಗುಪ್ಪೆಯನ್ನು ಮಾತ್ರ ಯಾರೂ ಕಟ್ಟುವಂತಿಲ್ಲ. ಸ್ಕಾರ್ವಿಕ್‌ನ ಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುವ ಮೊದಲ ಪಾಠ ಇದು.

ಯೊರುನ್‌ರ ತಂದೆ ಕೊನೆಯ ಟಪಾಲಿನವರು. ಅವರ ಮಂಡಿ ಸೋತಾಗ ಗುಪ್ಪೆಗಳು ಮಗಳ ಪಾಲಿಗೆ ಬಂದವು. ಆಗ ಯೊರುನ್ ಬಂದರಿನ ದಕ್ಕೆಯ ಶೆಡ್ಡಿನಲ್ಲಿ ಮೀನು ಸೀಳುತ್ತಿದ್ದರು. ಶೆಡ್ಡು ಮುಚ್ಚಿತು, ಬೆಟ್ಟ ಉಳಿಯಿತು. ಈಗ ಅರವತ್ತೊಂದು ವಯಸ್ಸು. ಪಂಚಾಯಿತಿಯ ಕಡತದಲ್ಲಿ ಇವರು ‘ದಾರಿ ನೋಡಿಕೊಳ್ಳುವವರು, ಅರೆಕಾಲಿಕ’. ಈ ಅರೆಕಾಲದಲ್ಲಿ ಹಾರೆ ಹಿಡಿದು ಕೂರಿಸಿದ ಮೆಟ್ಟಿಲು ಆರುನೂರ ಹನ್ನೆರಡು. ವಾರಕ್ಕೆ ಮೂರು ಹಡಗು, ಒಂದೊಂದರಿಂದಲೂ ಬೆಟ್ಟ ಹತ್ತುವವರು ಇನ್ನೂರರ ಸುಮಾರು. ಎಲ್ಲರೂ ಹತ್ತುವುದು ಇದೇ ಮೆಟ್ಟಿಲುಗಳನ್ನು.

ಹಡಗಿನವರು ಹಂಚುವ ಬಣ್ಣದ ಪುಸ್ತಿಕೆಯಲ್ಲಿ ಈ ಮೆಟ್ಟಿಲುಗಳ ಚಿತ್ರವಿದೆ. ಅಡಿಯಲ್ಲಿ ‘ಪ್ರಕೃತಿಯೇ ಕಡೆದ ಸೋಪಾನ’ ಎಂದು ಅಚ್ಚಾಗಿದೆ. ಯೊರುನ್ ಅದಕ್ಕೆ ನಕ್ಕುಬಿಡುತ್ತಾರೆ. ನಗಲಾಗದ್ದು ಮುಂದಿನ ಪುಟದಲ್ಲಿದೆ: ‘ಪ್ರಾಚೀನ ವೈಕಿಂಗರ ಪದ್ಧತಿಯಂತೆ ಬೆಟ್ಟದಂಚಿನಲ್ಲಿ ಕಲ್ಲು ಪೇರಿಸಿ, ಹರಕೆ ಹೊತ್ತುಕೊಳ್ಳಿ.’

“ಯಾವ ವೈಕಿಂಗು? ನಮ್ಮಜ್ಜಿ ಇದ್ದಿದ್ರೆ ಬರೆದೋನ ಕೈಮೇಲೆ ಸೌಟಲ್ಲಿ ಬಾರಿಸ್ತಿದ್ಲು.”

ಒಂದು ಊರು ತಲೆತಲಾಂತರದಿಂದ ಮಾಡಬೇಡಿ ಎಂದು ಕಾದುಕೊಂಡು ಬಂದದ್ದನ್ನು, ಆ ಊರಿನದೇ ಪದ್ಧತಿ ಎಂದು ಮಾರಲು ಎಷ್ಟು ಧೈರ್ಯ ಬೇಕು? ಧೈರ್ಯವೇನೂ ಬೇಡ. ಒಮ್ಮೆಯೂ ಬೆಟ್ಟ ಹತ್ತದಿದ್ದರೆ ಸಾಕು.

ಮಂಜಿನಲ್ಲಿ ಹತ್ತಿರದ ಸಣ್ಣ ಗುಪ್ಪೆಯೂ ದೂರದ ದೊಡ್ಡ ಗುಪ್ಪೆಯೂ ಒಂದೇ ಥರ ಕಾಣುತ್ತವೆ. ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಹಡಗಿನ ದಂಪತಿಗಳು ಹರಕೆಗುಪ್ಪೆಗಳನ್ನು ದಾರಿಯೆಂದು ನಂಬಿ ನಡೆದರು. ಗಂಡ ಮುಂದಿದ್ದ; ಅಂಚು ದಾಟಿ ಕೆಳಗೆ ಬಿದ್ದ. ಹೆಂಡತಿ ಕೊನೆಯ ಗುಪ್ಪೆಯ ಬಳಿ ಕೂತಿದ್ದಳು, ಯೊರುನ್ ಹುಡುಕಿ ಬರುವವರೆಗೆ. ಯೊರುನ್ ಆಕೆಯನ್ನು ಇಳಿಸಿಕೊಂಡು ದಕ್ಕೆಗೆ ಬಂದಾಗ ಹಡಗು ಹೊರಟುಹೋಗಿತ್ತು. ಎರಡು ಸೂಟ್‌ಕೇಸುಗಳನ್ನು ಇಳಿಸಿ ಹೋಗಿದ್ದರು.

ಪ್ರವಾಸಿಯ ಅಜಾಗರೂಕತೆ ಎಂದು ವರದಿಯಾಯಿತು. ಪುಸ್ತಿಕೆ ಮರುಮುದ್ರಣವಾಯಿತು. ಆ ಸಾಲು ಹಾಗೇ ಇದೆ.

ಎಂಟು ಗಂಟೆಗೆ ಹಡಗು ಬಂದು ನಿಲ್ಲುತ್ತದೆ. ಅಂಚಿನಲ್ಲಿ ಇನ್ನು ಮೂರೇ ಗುಪ್ಪೆ ಉಳಿದಿವೆ. ಅಷ್ಟರಲ್ಲಿ ಟೊರ್ಮೊದ್ ಏದುಸಿರು ಬಿಡುತ್ತ ಹತ್ತಿ ಬರುತ್ತಾರೆ. ಇದೇ ಊರಲ್ಲಿ ಹುಟ್ಟಿದವರು, ಈಗ ಹಡಗಿನ ಕಂಪನಿಯ ಪರವಾಗಿ ಚಾರಣ ನಡೆಸುವವರು.

“ಯೊರುನಕ್ಕ, ಕೈ ತೆಗಿ ಅದರಿಂದ.”

“ಯಾಕೋ, ನಿಮ್ಮಪ್ಪ ಕಟ್ಟಿದ್ದಾ?”

“ಪಂಚಾಯ್ತಿ ಕಾಗದ ತಂದಿದೀನಿ. ಸೋಮವಾರದ ಸಭೇಲಿ ತೀರ್ಮಾನ ಆಗೋವರೆಗೂ ಒಂದನ್ನೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ನಿನ್ನ ಕೆಲಸ ಹೋಗುತ್ತೆ. ಜನ ಆಸೆಪಟ್ಟು ಕಟ್ಟಿರ್ತಾರೆ, ನೀನು ಬೀಳಿಸ್ತೀಯ. ಒಬ್ಬ ಹೆಂಗಸು ಅಳ್ಕೊಂಡು ಕಂಪನಿಗೆ ಬರೆದಿದಾಳೆ.”

“ಇನ್ನೊಬ್ಬ ಹೆಂಗಸೂ ಅತ್ತಿದ್ಲು ಟೊರ್ಮೊದ್. ಅವಳು ಯಾರಿಗೂ ಬರೀಲಿಲ್ಲ.”

ಟೊರ್ಮೊದ್ ಮುಖ ತಿರುಗಿಸುತ್ತಾರೆ. “ಹಡಗು ಬೇರೆ ಊರಿಗೆ ಹೊರಟ್ಹೋದ್ರೆ ನಿನ್ನ ಬೆಟ್ಟ ಹತ್ತೋರು ಯಾರಿದಾರೆ?”

“ಕುರಿಗಳಿದಾವಲ್ಲ. ಅವು ಕಲ್ಲು ಪೇರಿಸಲ್ಲ.”

ಯೊರುನ್ ಕಾಗದವನ್ನು ಎರಡು ಸಲ ಓದುತ್ತಾರೆ. ಮೂವತ್ಮೂರು ವರ್ಷದಲ್ಲಿ ಪಂಚಾಯಿತಿಯ ಮಾತು ಮೀರಿದವರಲ್ಲ. ಕಾಗದ ಮಡಚಿ ಜೇಬಿಗಿಟ್ಟು, ಮಂಡಿಯ ಮಣ್ಣು ಒರೆಸಿಕೊಂಡು ಏಳುತ್ತಾರೆ.

“ಹಾಗಾದ್ರೆ ಈ ಮೂರೂ ನಿನ್ನವು. ನೆನಪಿಟ್ಕೊ.”

ಹನ್ನೊಂದರ ಹೊತ್ತಿಗೆ ಸಮುದ್ರದಿಂದ ಮಂಜು ಏರಿ ಬರುತ್ತದೆ. ಕಾಲು ಗಂಟೆಯಲ್ಲಿ ನಲವತ್ತು ಹೆಜ್ಜೆಯಾಚೆ ಏನೂ ಕಾಣದಂಥ ಮಂಜು. ಯೊರುನ್ ಇಪ್ಪತ್ತೇಳನೆಯ ಗುಪ್ಪೆಯ ಬಳಿ ನಿಂತಿದ್ದಾರೆ. ದಾರಿ ಇಲ್ಲಿ ಬಲಕ್ಕೆ ಹೊರಳುತ್ತದೆ; ಎಡಕ್ಕೆ ಅಂಚು. ಬಂದವರನ್ನೆಲ್ಲ ಕೂಗಿ ಕರೆದು ಬಲಕ್ಕೆ ಕಳಿಸುತ್ತಿದ್ದಾರೆ. ಕೆಂಪು ಟೋಪಿಯ ಹೆಂಗಸೊಬ್ಬಳು ಅಂಗೈಯಗಲದ ಕಲ್ಲು ತೋರಿಸಿ, ಇದನ್ನು ಎಲ್ಲಿಡಲಿ ಎಂದು ಕೇಳುತ್ತಾಳೆ.

“ಎಲ್ಲಿಂದ ತಗೊಂಡ್ರಮ್ಮ?”

“ಅಲ್ಲಿ, ಆ ಹಿಂದಿನ ದೊಡ್ಡ ಗುಪ್ಪೆಯಿಂದ.”

ಯೊರುನ್ ಕೈಚಾಚಿ ಕಲ್ಲನ್ನು ಇಸಿದುಕೊಳ್ಳುತ್ತಾರೆ.

ಆಗಲೇ ಎಡಗಡೆಯಿಂದ ದನಿ ಕೇಳುತ್ತದೆ. “ಹೆದರ್ಕೋಬೇಡಿ, ಗುಪ್ಪೆ ಕಾಣ್ತಾ ಇದೆ. ನನ್ನ ಹಿಂದೆ ಬನ್ನಿ.” ಟೊರ್ಮೊದ್‌ರ ದನಿ. ಹಿಂದೆ ಹದಿನಾಲ್ಕು ಜನ. ಪ್ರವಾಸಿಯಾದರೆ ಎಡವುತ್ತಾನೆ, ಅನುಮಾನಿಸುತ್ತಾನೆ, ನಿಲ್ಲುತ್ತಾನೆ. ಇಲ್ಲಿ ಹುಟ್ಟಿದವರ ಕಾಲು ಯೋಚಿಸುವುದೇ ಇಲ್ಲ. ಗುಪ್ಪೆ ಕಂಡರೆ ಅತ್ತ ನಡೆದುಬಿಡುತ್ತದೆ.

“ಟೊರ್ಮೊದ್! ನಿಲ್ಲೋ ಅಲ್ಲೇ! ಅದು ನಿನ್ನದು ಕಣೋ! ನಿನ್ನದು!”

ಹೆಜ್ಜೆಗಳು ನಿಲ್ಲುತ್ತವೆ. ಆಮೇಲೆ ಒಬ್ಬರ ಕೈ ಒಬ್ಬರು ಹಿಡಿದು, ಯೊರುನ್‌ರ ಕೂಗನ್ನೇ ಹಿಡಿದು, ಹದಿನೈದು ಜನ ಮಂಜಿನಿಂದ ಹೊರಬರುತ್ತಾರೆ. ಯೊರುನ್ ಒಬ್ಬೊಬ್ಬರನ್ನೂ ಮುಟ್ಟಿ ಎಣಿಸುತ್ತಾರೆ. ಟೊರ್ಮೊದ್‌ರನ್ನೂ ಮುಟ್ಟುತ್ತಾರೆ.

ನಾಲ್ಕಕ್ಕೆ ಸರಿಯಾಗಿ ಹಡಗು ಕೂಗಿ ಹೊರಡುತ್ತದೆ. ಮಂಜು ಕರಗಿದೆ. ಟೊರ್ಮೊದ್ ಹಡಗನ್ನು ಬೀಳ್ಕೊಡಲು ದಕ್ಕೆಗೆ ಹೋಗಿಲ್ಲ. ಮತ್ತೆ ಬೆಟ್ಟ ಹತ್ತಿ ಬಂದು, ಅಂಚಿನ ಮೂರರಲ್ಲಿ ಮೊದಲ ಗುಪ್ಪೆಗೆ ಕಾಲೆತ್ತುತ್ತಾರೆ.

“ಒದೀಬೇಡ. ಎತ್ತು. ಅದರ ಗುಳಿ ಎಲ್ಲಿದೆ ನೋಡಿ ಇಡು.”

ಮೂರನ್ನೂ ಬಿಡಿಸಲು ಟೊರ್ಮೊದ್‌ರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಯೊರುನ್ ಕೈಹಚ್ಚುವುದಿಲ್ಲ. ಕಾಗದ ಇನ್ನೂ ಜೇಬಿನಲ್ಲಿದೆ. ರೊಟ್ಟಿಗೆ ಕಂದು ಚೀಸು ಸವರಿ ಅರ್ಧವನ್ನು ಅವರಿಗೆ ಕೊಡುತ್ತಾರೆ. ಸೋಮವಾರ ಸಭೆಯಲ್ಲಿ ಏನು ಹೇಳುತ್ತೀ ಎಂದು ಕೇಳುವುದಿಲ್ಲ. ಟೊರ್ಮೊದ್ ಹೇಳುವುದೂ ಇಲ್ಲ. ತಿಂದು, ತಲೆತಗ್ಗಿಸಿಕೊಂಡು ಇಳಿದುಹೋಗುತ್ತಾರೆ.

ನಿಮಗೇನು ಆಗಬೇಕು ಎಂದು ಕೇಳಿದರೆ ಯೊರುನ್ ಹಡಗು ಹೋದ ದಿಕ್ಕಿಗೆ ಕೈ ತೋರುತ್ತಾರೆ.

“ಮೆಟ್ಟಿಲು ಪ್ರಕೃತಿನೇ ಕಡೀತು ಅಂತ ಬರ್ಕೊಳ್ಳಲಿ, ನಂಗೇನೂ ಇಲ್ಲ. ಆ ಹರಕೆ ಸಾಲೊಂದು ತೆಗೆದುಬಿಡ್ಲಿ. ಕೆಲಸದಿಂದ ತೆಗೆದ್ರೂ ಬೆಳಗ್ಗೆ ಮೂರಕ್ಕೆ ಎಚ್ಚರ ಅಂತೂ ಆಗೇ ಆಗುತ್ತೆ.”

ಕೆಂಪು ಟೋಪಿಯವಳಿಂದ ಇಸಿದುಕೊಂಡ ಕಲ್ಲು ಇನ್ನೂ ಕೈಯಲ್ಲಿದೆ. ಇಪ್ಪತ್ತಾರನೆಯ ಗುಪ್ಪೆಯ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ತಡವಿ, ಅದರ ಜಾಗ ಹುಡುಕಿ ಒಳಕ್ಕೆ ಒತ್ತುತ್ತಾರೆ. ಅಲುಗಿಸಿ ನೋಡುತ್ತಾರೆ. ಅಲುಗುವುದಿಲ್ಲ.

“ನಲವತ್ತೊಂದಿದಾವೆ,” ಎನ್ನುತ್ತಾರೆ. “ಒಂದೂ ಸುಳ್ಳು ಹೇಳಲ್ಲ.”