ಬಾಯಿಪಾಠದ ಜರ್ಮನ್

ಜರ್ಮನ್ ಭಾಷೆಯ ಮೇಲೆ ನನಗೆ ಸಿಟ್ಟಿಲ್ಲ. ನಾನು ಅದನ್ನು ಕಲಿತ ರೀತಿ ನೆನೆದರೆ ಮಾತ್ರ ಥೂ ಎನಿಸುತ್ತದೆ.

ಆಗ ನಾನು ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಬೇಕೆಂದರೆ ಆ ಭಾಷೆಯಲ್ಲಿ ಸರಾಗವಾಗಿ ಹರಟಬೇಕಿತ್ತು. ಡ್ಯೂಟಿ ಮುಗಿಸಿ ತುಮಕೂರಿನಲ್ಲೇ ಸದಾಶಿವನಗರದ ಜರ್ಮನ್ ಕ್ಲಾಸಿಗೆ ಹೋಗಿ, ಆಮೇಲೆ ಮನೆಗೆ ಹೆಬ್ಬೂರಿನ ಬಸ್ಸು ಹಿಡಿಯುತ್ತಿದ್ದೆ. ಮೇಷ್ಟ್ರು ಮಾತುಕತೆಯನ್ನೂ ಮಗ್ಗಿಯ ಹಾಗೆ ಕಲಿಸಿದರು. "ಎದುರಿಗಿರೋರು ಏನಾದ್ರೂ ಹೇಳ್ಲಿ ಕಣ್ರಮ್ಮ, ನೀವು ನಗ್ತಾ ಈ ಹತ್ತು ವಾಕ್ಯದಲ್ಲಿ ಒಂದನ್ನ ಹೇಳ್ಬಿಡಿ. ನಿದ್ದೇಲಿ ಎಬ್ಬಿಸಿದ್ರೂ ಬರ್ಬೇಕು!" ಎಲ್ಲರೂ ಒಟ್ಟಿಗೆ ಉರು ಹೊಡೆದೆವು. ಅಸಹ್ಯವೆಂದರೆ, ಅದು ನನಗೆ ಹಿಡಿಸಿತು. ಎಸ್ಸೆಸ್ಸೆಲ್ಸಿಯಿಂದ ನರ್ಸಿಂಗ್‌ವರೆಗೂ ಗೈಡ್ ನುಂಗಿಯೇ ಪಾಸಾದವಳು ನಾನು.

ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಹುತ್ರಿದುರ್ಗದ ಕಡೆಯವಳು, ಅವಳೂ ನರ್ಸ್. ಉರು ಹೊಡೆಯುವುದು ಅವಳಿಗಾಗದು. ತಡವರಿಸಿಕೊಂಡು, ತಪ್ಪೋ ಒಪ್ಪೋ, ತನ್ನ ಮಾತನ್ನೇ ಆಡುತ್ತಿದ್ದಳು. "ನಿನ್ ಕಥೆ ಯಾರಿಗ್ ಬೇಕಮ್ಮಾ?" ಎನ್ನುವರು ಮೇಷ್ಟ್ರು. ಎಲ್ಲರ ಜೊತೆ ನಾನೂ ಕಿಸಕ್ಕೆಂದಿದ್ದೇನೆ.

ಒಂದು ದಿನ ಜರ್ಮನಿಗೆ ನರ್ಸುಗಳನ್ನು ಕಳಿಸುವ ಏಜೆನ್ಸಿಯವನು ಆಳುಗಳನ್ನು ಆರಿಸಲು ಕ್ಲಾಸಿಗೇ ಬಂದ. ಇಬ್ಬಿಬ್ಬರು ಎದುರುಬದುರು ಕೂತು ಮಾತಾಡಬೇಕು. ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಕೆಲಸ. ಮಾತು ನಿಲ್ಲದಿದ್ದರೆ ಅವನಿಗೆ ಸಾಕು. ನನ್ನ ಜೋಡಿ ಅವಳೇ. ವಿಷಯ, ಮನೆಯಲ್ಲಿ ರೋಗಿಗಳ ಆರೈಕೆ. ಅವಳು ನನ್ನನ್ನೇ ನೋಡುತ್ತಾ ಜರ್ಮನ್‌ನಲ್ಲಿ ಹೇಳಿದಳು: ಅಜ್ಜಿಗೆ ಲಕ್ವ ಹೊಡೆದಿತ್ತು, ಎರಡು ವರ್ಷ ನಾನೇ ಮೈ ತೊಳೆದೆ, ಹೋದ ಭಾನುವಾರ ತೀರಿಕೊಂಡಳು, ನಾನು ಇಲ್ಲಿ ಕ್ಲಾಸಿನಲ್ಲಿದ್ದೆ. ಅಲ್ಲಿಯತನಕ ಅವಳು ಇದನ್ನು ಕ್ಲಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ.

ನನಗೆ ಒಂದೊಂದು ಪದವೂ ಅರ್ಥವಾಯಿತು. ಆದರೂ ಹಲ್ಲು ಕಿರಿದು ಏಳನೇ ವಾಕ್ಯ ಹೇಳಿದೆ: "ಅದು ತುಂಬಾ ಒಳ್ಳೆಯ ಅಂಶ, ನಾನು ಪೂರ್ತಿ ಒಪ್ಪುತ್ತೇನೆ." ಆಮೇಲೆ ಎಂಟನೆಯದು, ಒಂಬತ್ತನೆಯದು. ಅವಳ ಬಾಯಿ ಕಟ್ಟಿಹೋಯಿತು.

ಕೆಲಸ ನನಗಾಯಿತು. ಮೇಷ್ಟ್ರು ಕೈಗೆ ಪೇಡ ಇಟ್ಟು, "ನೋಡ್ರಮ್ಮ, ಹಿಂಗ್ ಮಾತಾಡ್ಬೇಕು" ಎಂದರು. ನಾಚಿಕೆಯಿಲ್ಲದೆ ತಿಂದೆ.

ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವಳು ಕೇಳಿದಳು, "ನಾನ್ ಹೇಳಿದ್ದು ನಿಂಗೆ ಅರ್ಥ ಆಗ್ಲಿಲ್ಲ ಅಲ್ವೇನೇ? ಅದಕ್ಕೇ ನೀನ್ ಹಂಗಂದೆ."

"ಹೂಂ ಕಣೇ, ಅರ್ಥ ಆಗ್ಲಿಲ್ಲ" ಎಂದೆ.

ಪಾಪ, ಅವಳು ಅಜ್ಜಿ ಸತ್ತದ್ದನ್ನು ಕನ್ನಡದಲ್ಲಿ ಮೊದಲಿಂದ ಹೇಳಿದಳು. ಆಗ ತಾನೇ ಕೇಳಿದವಳ ಹಾಗೆ ನಾನು "ಅಯ್ಯೋ" ಎಂದೆ.