ಐದನೆಯ ಸಮೀಕರಣ

ಗಾವಡಗೆರೆಯ ಚಲುವಣ್ಣ ಓಡುವ ಮೋಟಾರಿಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬೇರಿಂಗ್ ಹೋಗಿದೆಯೋ ಇಲ್ಲವೋ ಅಷ್ಟರಲ್ಲೇ ಹೇಳಿಬಿಡುತ್ತಿದ್ದರು. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಯಾದರೂ ಅವರ ಕೈಯಲ್ಲಿ ತಾಮ್ರದ ತಂತಿ ಸುತ್ತಿಸಿಕೊಂಡಂಥವೇ. ಪಿಯುಸಿ ಫೇಲಾದ ಈ ಮನುಷ್ಯನಿಗೆ ಒಂದೇ ಹಟ: ವಿದ್ಯುತ್ತಿಗೂ ಆಯಸ್ಕಾಂತಕ್ಕೂ ಪುಸ್ತಕದಲ್ಲಿರುವ ನಾಲ್ಕು ಸಮೀಕರಣ ಸಾಲದು, ಐದನೆಯದೊಂದು ಇರಲೇಬೇಕು.

ನಾನು ಹುಣಸೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು ಎಂದು ಗೊತ್ತಾದ ಮೇಲೆ ಪ್ರತಿ ಭಾನುವಾರ ನಮ್ಮ ಮನೆಗೆ ಬರತೊಡಗಿದರು. ಕೈಯಲ್ಲೊಂದು ಲಾಂಗ್‌ಬುಕ್ಕು, ಹಾಳಾದ ಸ್ಪೀಕರಿನಿಂದ ಬಿಚ್ಚಿದ ಆಯಸ್ಕಾಂತ. ಅದಕ್ಕೆ ತಾಮ್ರದ ತಟ್ಟೆ ಅಂಟಿಸಿ, ಎರಡನ್ನೂ ಒಟ್ಟಿಗೆ ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ ತಿರುಗಿಸುವರು. ವೈರಿನಿಂದ ತಟ್ಟೆಗೆ ತಾಗಿಸಿದ ಮೀಟರಿನ ಮುಳ್ಳು ಅಲ್ಲಾಡುತ್ತಿತ್ತು.

“ನೋಡಿ ಮೇಡಂ, ತಟ್ಟೆನೂ ಮ್ಯಾಗ್ನೆಟ್ಟೂ ಒಂದೇ ಸಮ ತಿರುಗ್ತಾವೆ. ಒಂದ್ರ ಮುಂದೆ ಇನ್ನೊಂದು ಅಳ್ಳಾಡಿದ್ರೆ ತಾನೇ ಕರೆಂಟು? ಅಂಗಾದ್ರೆ ಇದು ಎಲ್ಲಿಂದ ಬಂತು? ಮೊಬೈಲ್‌ನಾಗೆ ಓದಿದೋರೂ ಅದ್ನೇ ಕೇಳ್ತಾವ್ರೆ, ಪುಸ್ತಕದ ಲೆಕ್ಕ ಸಾಲ್ದು ಅಂತ.”

ತಪ್ಪು ನನಗೆ ಮೊದಲ ಭಾನುವಾರವೇ ಕಂಡಿತ್ತು. ತಟ್ಟೆ ತಿರುಗುವಾಗ ಮೀಟರಿನ ವೈರು ನಿಂತೇ ಇರುತ್ತದೆ. ಅದೂ ಸರ್ಕ್ಯೂಟಿನದೇ ಭಾಗ; ತಟ್ಟೆ ಅದರ ಎದುರು ತಿರುಗುವುದರಿಂದಲೇ ಕರೆಂಟು, ಪುಸ್ತಕದ ನಾಲ್ಕೇ ಸಾಕು. ಜೀವಮಾನವಿಡೀ ತಂತಿ ಸುತ್ತಿದವರು ಆ ಒಂದು ತಂತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೇಳಲು ಬಾಯಿ ಬರಲಿಲ್ಲ. “ಚೆನ್ನಾಗಿದೆ, ಇನ್ನೂ ಯೋಚನೆ ಮಾಡೋಣ” ಎನ್ನುತ್ತ, ಕಾಫಿ ಕೊಡುತ್ತ ಎರಡು ವರ್ಷ ಕಳೆದೆ. ಅದನ್ನೇ ಮರ್ಯಾದೆ ಅಂದುಕೊಂಡಿದ್ದೆ.

ಕಾಲೇಜಿನ ವಸ್ತುಪ್ರದರ್ಶನದಲ್ಲಿ ಎಲ್ಲರ ಮುಂದೆ ಇದನ್ನು ತೋರಿಸುತ್ತೇನೆ ಎಂದು ಅವರು ಹೊರಟಾಗ ವಿಧಿಯಿಲ್ಲದೆ ಮೀಟರಿನ ವೈರಿನ ಮೇಲೆ ಬೆರಳಿಟ್ಟು, ಇದು ತಿರುಗುವುದಿಲ್ಲವಲ್ಲ ಎಂದೆ. ಚಲುವಣ್ಣ ವೈರನ್ನು ತಟ್ಟೆಯಿಂದ ಮೀಟರಿನವರೆಗೆ ಬೆರಳಲ್ಲಿ ಹಿಡಿದು ನೋಡಿದರು. ಆಮೇಲೆ ಲಾಂಗ್‌ಬುಕ್ಕು ಮುಚ್ಚಿದರು.

“ಕೆಲವ್ರು ನಗೋರು, ಕೆಲವ್ರು ಕೈ ಮುಗಿಯೋರು. ತಪ್ಪು ಇಂತಾ ಕಡೆ ಅದೆ ಅಂತ ಯಾರೂ ಏಳಿರ್ನಿಲ್ಲ ಕಣ್ರವ್ವ. ಅದ್ಕೇ ಅಲ್ವಾ ನಾನು ಬತ್ತಿದ್ದುದು. ಈಗ ಆ ನಾಕನ್ನೂ ಮೊದ್ಲಿಂದ ಏಳ್ಕೊಡಿ.”

ಮುಂದಿನ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಾಠಕ್ಕೆ ಕೂತರು. ಒಂದೊಂದು ಚಿಹ್ನೆಗೂ ತಕರಾರು. “ಇದ್ಯಾಕೆ ಸೊನ್ನೆ? ಸುಮ್ಕೆ ಒಪ್ಕಳಾಕಾಗಲ್ಲ” ಎಂದು, ಆಯಸ್ಕಾಂತದ ಒಂದೇ ಧ್ರುವ ಬಿಡಿಯಾಗಿ ಸಿಗದು ಎನ್ನುವ ಎರಡನೆಯ ಸಮೀಕರಣದಲ್ಲೇ ನನ್ನನ್ನು ಮೂರು ತಿಂಗಳು ನಿಲ್ಲಿಸಿದರು. ಅಷ್ಟು ಒಳ್ಳೆಯ ವಿದ್ಯಾರ್ಥಿ ನನಗೆ ಸಿಕ್ಕಿದ್ದಿಲ್ಲ. ಎರಡನೆಯದು ಮುಗಿದ ವಾರವೇ ತಮ್ಮ ಮೋಟಾರು ರಿಪೇರಿ ಅಂಗಡಿಯಲ್ಲಿ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ.

ಮೂರನೆಯದು, ಸುರುಳಿಯಲ್ಲಿ ಕರೆಂಟು ಹುಟ್ಟುವ ಬಗೆ ಹೇಳುವಂಥದು, ಅವರ ಕಸುಬಿನದೇ. ಬೋರ್ಡಿನ ಮೇಲೆ ಅದನ್ನು ಬರೆಯುವಾಗೆಲ್ಲ ನನಗೆ ಸಂಕಟವಾಗುತ್ತದೆ. ಆ ಎರಡು ವರ್ಷವನ್ನು ನಾನು ಮರ್ಯಾದೆಯಲ್ಲಿ ಕಳೆಯದಿದ್ದರೆ ಚಲುವಣ್ಣ ಅದರ ಜೊತೆಗೂ ಜಗಳವಾಡಿಯೇ ಹೋಗುತ್ತಿದ್ದರು.