ಪೆದ್ದಣ್ಣನ ಅಮಾವಾಸ್ಯೆ ಅಡುಗೆ

ಅಮಾವಾಸ್ಯೆಯ ದಿನ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಮಗ್ಗದ ಸದ್ದಿರುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಗಂಡಸರು ಕಟ್ಟೆಗೆ ಹೋಗಿ ಕೂರುತ್ತಾರೆ. ಹೆಂಗಸರಿಗೆ ನೂಲು ಸುತ್ತುವ ಕೆಲಸ ತಪ್ಪುತ್ತದೆ, ಒಲೆ ತಪ್ಪುವುದಿಲ್ಲ. ಇದ್ಯಾವ ನ್ಯಾಯ ಎಂದು ಆ ಬೀದಿಯಲ್ಲಿ ಕೇಳಿದ ಗಂಡಸು ಪೆದ್ದಣ್ಣ ಒಬ್ಬನೇ. ಮದುವೆಯಾದ ವರ್ಷವೇ ಹೆಂಡತಿ ಗೋವಿಂದಮ್ಮನ ಕೈಯಿಂದ ಸೌಟು ಕಿತ್ತುಕೊಂಡ. ಅಂದಿನಿಂದ ಮೂವತ್ತೊಂದು ವರ್ಷ, ತಿಂಗಳಿಗೊಂದು ದಿನ ಅಡುಗೆ ಅವನದೇ. ಕಟ್ಟೆಯ ಮೇಲಿನವರು ನಕ್ಕು ನಕ್ಕು ಸುಸ್ತಾಗಿ ಈಗ ಬಿಟ್ಟಿದ್ದಾರೆ.

ಅವನಿಗೆ ಒಂದೇ ಕೊರಗು. ಇಷ್ಟು ವರ್ಷದಲ್ಲಿ ಗೋವಿಂದಮ್ಮ ಒಂದು ಸಲವೂ "ಚೆನ್ನಾಗೈತೆ" ಅಂದವಳಲ್ಲ. ಮುದ್ದೆ ಕಟ್ಟಿದ, ಒಬ್ಬಟ್ಟು ತಟ್ಟಿದ, ಟಿವಿ ನೋಡಿ ನೂಡಲ್ಸ್ ಕೂಡ ಬೇಯಿಸಿದ. ಅವಳು ತಟ್ಟೆ ಖಾಲಿ ಮಾಡಿ, "ಉಪ್ಪು ಸರಿ ಐತೆ" ಎಂದು ಎದ್ದುಹೋಗುತ್ತಾಳೆ. ತಾನು ನೇಯ್ದ ಸೆರಗು ನೋಡಿ ಸೌಕಾರರು ತಲೆದೂಗಿದರೂ ಸಿಗದ ಸಮಾಧಾನ ಅವನಿಗೆ ಆ ಒಂದು ಮಾತಿನಲ್ಲಿ ಬೇಕಿತ್ತು.

ಈ ಸಲ ಚಳ್ಳಕೆರೆಯಲ್ಲಿರುವ ಮಗಳು ಪುಷ್ಪಾ ಮೊಬೈಲಿಗೆ ಒಂದು ವಿಡಿಯೋ ಕಳಿಸಿದ್ದಳು. ಇಟಲಿಯ ತಿಂಡಿ, ಹೆಸರು ಬ್ರುಸ್ಕೆಟ್ಟಾ. ಸುಟ್ಟ ಬ್ರೆಡ್ಡಿಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಹೆಚ್ಚಿದ ಟೊಮೆಟೊ, ಎಣ್ಣೆ, ಒಂದಿಷ್ಟು ಹಸಿರೆಲೆ. ಪೆದ್ದಣ್ಣ ಅದನ್ನು ನಾಲ್ಕು ಸಲ ನೋಡಿದ. ಚಳ್ಳಕೆರೆ ಗಾಣದ ಕಡಲೆಕಾಯಿ ಎಣ್ಣೆ ಮನೆಯಲ್ಲಿರುವಾಗ ಇಟಲಿಯವರ ಎಣ್ಣೆಯ ಹಂಗೇಕೆ? ಎಲೆ ನೋಡಿದರೆ ತುಳಸಿಯಂತಿತ್ತು. ಅಮಾವಾಸ್ಯೆಯಂದು ತುಳಸಿ ಕೀಳಬಾರದೆಂದು ಬಲ್ಲವನು ಹಿಂದಿನ ದಿನವೇ ಕಿತ್ತು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ. ತನ್ನ ಜಾಣತನಕ್ಕೆ ತಾನೇ ಬೀಗಿದ.

ಮಗ್ಗದ ಮೇಲಿನ ರೇಷ್ಮೆಗೆ ಎಣ್ಣೆ ತಾಗಬಾರದೆಂದು ಒಲೆ ಹೂಡಿದ್ದು ಹಿತ್ತಲಲ್ಲಿ. ಕೆಂಡದ ಮೇಲೆ ಬ್ರೆಡ್ಡು ಗರಿಗರಿಯಾಯಿತು. ಬೆಳ್ಳುಳ್ಳಿ ಉಜ್ಜಿ, ಟೊಮೆಟೊ ಹರಡಿ, ತುಳಸಿಗೆ ಕೈಹಾಕಿದ್ದೇ ತಡ, ಬಾಗಿಲಲ್ಲಿ ಗೋವಿಂದಮ್ಮ ಪ್ರತ್ಯಕ್ಷಳಾದಳು.

"ಅಯ್ಯೋ ದೇವುಡಾ! ಬೆಳ್ಳುಳ್ಳಿ ಮ್ಯಾಲೆ ತುಳಸಿ ಹಾಕ್ತೀರಾ? ದೇವ್ರಿಗೆ ಏರ್ಸೋದು ಅದು!" ಕೋಪ ಬಂದರೆ ಅವಳ ಕನ್ನಡದೊಳಗೆ ತವರಿನ ತೆಲುಗು ನುಗ್ಗುತ್ತದೆ.

"ನಿನ್ನೇನೇ ಕಿತ್ತಿದ್ದು ಕಣೇ. ಇವತ್ತು ಗಿಡ ಮುಟ್ಟಿಲ್ಲ."

"ನಿನ್ನೆ ಕಿತ್ರೆ ತುಳಸಿ ಕೊತ್ತಂಬರಿ ಆಗ್ತೈತಾ?"

ಪೆದ್ದಣ್ಣ ಸಪ್ಪಗಾದ. ಈ ಅಮಾವಾಸ್ಯೆಯೂ ಕೈತಪ್ಪಿತು ಅಂದುಕೊಂಡ. ಗೋವಿಂದಮ್ಮ ತುಳಸಿಯನ್ನು ದೇವರ ಮುಂದಿಟ್ಟು ಬಂದು, ಆ ವಿಡಿಯೋ ತೋರಿಸಿ ಎಂದಳು. ನೋಡಿದವಳೇ ನಕ್ಕುಬಿಟ್ಟಳು.

"ತುಳಸಿ ಎಲೆ ಇಷ್ಟು ಅಗಲ ಇರ್ತೈತಾ? ಇದು ನಮ್ ಕಾಮಕಸ್ತೂರಿ ಇದ್ದಂಗೈತೆ. ನಾಗಕ್ಕ ಹೂವಿನ ಜೊತೆ ಕಟ್ಟಾಕೆ ಬೆಳ್ಸವ್ಳೆ, ತಡೀರಿ."

ಪಕ್ಕದ ಮನೆಯ ನಾಗಕ್ಕನ ಹಿತ್ತಲಿಂದ ಒಂದು ಹಿಡಿ ಬಂತು. ಮಲ್ಲಿಗೆಯ ಜೊತೆ ಮುಡಿಯುವ ಎಲೆಯನ್ನು ಟೊಮೆಟೊ ಮೇಲೆ ಹಾಕಿಕೊಂಡು ತಿನ್ನುವುದು ಆ ಬೀದಿಯಲ್ಲಿ ಅದೇ ಮೊದಲು. ನಾಗಕ್ಕ ಗೋಡೆಯಾಚೆಯಿಂದ ಇಣುಕಿ ನೋಡಿ ಒಳಗೆ ಹೋದಳು.

ಗಂಡಹೆಂಡತಿ ಜಗಲಿಯ ಮೇಲೆ ಕೂತರು. ಗೋವಿಂದಮ್ಮ ಒಂದು ತಿಂದಳು, ಎರಡು ತಿಂದಳು. ಬೆರಳಿಗಿಳಿದ ರಸ ನೆಕ್ಕಿದಳು. ಮೂರನೆಯದಕ್ಕೆ ಕೈಚಾಚಿದಾಗ ಪೆದ್ದಣ್ಣನ ತಾಳ್ಮೆ ತಪ್ಪಿತು.

"ಚೆನ್ನಾಗೈತೆ ಅನ್ನಾಕೆ ನಿನ್ ಗಂಟೇನು ಹೋಗ್ತೈತೆ? ಮೂವತ್ತೊಂದು ವರ್ಷ ಆತು!"

ಗೋವಿಂದಮ್ಮ ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿದಳು.

"ಮೊದಲ್ನೇ ಅಮಾಸೆಗೆ ಉಪ್ಪಿಟ್ಟು ಮಾಡಿದ್ರಿ. ಭಾಳ ಚೆನ್ನಾಗಿತ್ತು. ಬಾಯಿಗೆ ಬಂದ ಮಾತು ನುಂಗ್ಕಂಡೆ. ಅವತ್ತೇ ಅಂದಿದ್ರೆ ಇವತ್ತಿಗೂ ಉಪ್ಪಿಟ್ಟೇ ತಿಂತಿದ್ದೆ."

ಪೆದ್ದಣ್ಣನ ಕಣ್ಣು ತುಂಬಿತು. ಬೆಳ್ಳುಳ್ಳಿಯ ಕೈಯಲ್ಲೇ ಒರೆಸಿಕೊಂಡು ಉರಿ ಹೆಚ್ಚಿಸಿಕೊಂಡ. ಇಷ್ಟು ಖುಷಿಯನ್ನು ಅವನು ಎಂದೂ ಕಂಡಿರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಆ ಉಪ್ಪಿಟ್ಟಿಗೆ ಏನೇನು ಹಾಕಿದ್ದೆ ಎಂದು ಕೇಳಿದ. ಅವನಿಗೆ ಒಂದೂ ನೆನಪಿರಲಿಲ್ಲ. ಗೋವಿಂದಮ್ಮ ಸೀದುಹೋದ ಸಾಸಿವೆಯನ್ನೂ ಬಿಡದೆ ಎಲ್ಲವನ್ನೂ ಹೇಳಿದಳು.